ಗಂಡನ ಹೆಸರೂ ರೇಡಿಯೋದ ಕೆಂಪು ದೀಪವೂ

ನನ್ನ ಓದು ಎರಡನೇ ಕ್ಲಾಸಿಗೇ ಮುಗಿಯಿತು. ಗಂಟಲಿಗೆ ಮಾತ್ರ ಕೊರತೆ ಇಲ್ಲ. ಬೀಸುವ ಕಲ್ಲಿನ ಸದ್ದಿನ ಮೇಲೆ ಹಾಡಿ ಬೆಳೆದ ಗಂಟಲು. ಹಗರಿಬೊಮ್ಮನಹಳ್ಳಿಯ ಸಣ್ಣ ರೇಡಿಯೋ ಕೇಂದ್ರದವರು ಹಾಡಲು ಕರೆದಾಗ, ಇದೇನು ಮಹಾ ಕೆಲಸ ಅಂದುಕೊಂಡೆ.

ಕೋಗಳಿಯಲ್ಲಿ ಸೊಂಟ ಮುರಿದು ಮಲಗಿರುವ ಅಕ್ಕನಿಗೆ ಫೋನ್ ಮಾಡಿದೆ. "ಅವ್ವನ ಬೀಸೋ ಪದ ಹಾಡ್ತೀನಿ. ಶುಕ್ರವಾರ ಕೇಳು."

"ಅವ್ವ ಹೋದಮ್ಯಾಲೆ ಆ ಪದ ಕೇಳೇ ಇಲ್ಲ. ಕೆಡಸಬ್ಯಾಡಲೇ," ಅಂದಳು.

ಹಾಡು ರೆಕಾರ್ಡ್ ಮಾಡುವ ದಿನ ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಯಂತ್ರದ ಮುಂದೆ ಕೂತವಳು ಶಬಾನಾ, ಮೋಟರ್ ರಿಪೇರಿ ಸಾಬರ ಮಗಳು.

"ಅಜ್ಜಿ, ಮೊದಲು ಧ್ವನಿ ಅಳತಿ ನೋಡಬೇಕ್ರಿ. ನಿಮ್ಮ ಯಜಮಾನ್ರ ಹೆಸರು ಹೇಳ್ರಿ."

ಗಂಡನ ಹೆಸರು ನಾನು ಹೇಳುವುದೇ? ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಒಮ್ಮೆ ಹೇಳಿದ್ದೆ. ಆಮೇಲೆ ರೇಷನ್ ಕಾರ್ಡಿನವರು ಕೇಳಿದಾಗಲೂ ಮಗನನ್ನು ಮುಂದೆ ತಳ್ಳಿದವಳು. ಆದರೂ ಯಂತ್ರದ ಕಾನೂನೇನೋ ಎಂದು, ಸೆರಗು ಬಾಯಿಗೆ ಹಿಡಿದು ಇರುವೆಗೂ ಕೇಳದಂತೆ ಉಸುರಿದೆ.

"ಏನೂ ಕೇಳವಲ್ದು," ಎಂದು ಶಬಾನಾ ಗುಂಡಿ ತಿರುಗಿಸಿದಳು. ಮತ್ತೆ ಉಸುರಿದೆ. ಮತ್ತೆ ತಿರುಗಿಸಿದಳು. ಕೊನೆಗೆ ಹಸಿರು ದೀಪ ಹತ್ತಿತು. "ಸರಿ ಆತು. ಹಾಡ್ರಿ."

ಮೊದಲ ಸಾಲಿಗೇ ದೀಪ ಕೆಂಪಾಯಿತು. ಶಬಾನಾ ಎರಡೂ ಕೈ ಎತ್ತಿ ಬೀಸಿದಳು. ಮೆಚ್ಚಿದಳು ಎಂದುಕೊಂಡು ನಾನು ಇನ್ನೂ ಏರಿಸಿದೆ.

ಮುಗಿದ ಮೇಲೆ ನನಗೇ ಕೇಳಿಸಿದಳು. ತಗಡಿನ ಡಬ್ಬಿಗೆ ಜಲ್ಲಿ ಸುರಿದ ಹಾಗಿತ್ತು. ಅವ್ವನ ಪದ ಎಲ್ಲೂ ಇರಲಿಲ್ಲ.

"ನಿನ್ನ ಯಂತ್ರ ಕೆಟ್ಟೈತಿ," ಎಂದೆ.

"ಯಂತ್ರ ನೆಟ್ಟಗೈತಿ ಅಜ್ಜಿ. ಹಾಲು ಕಾಸುವಾಗ ಪಾತೇಲಿ ಕಂಠಮಟ ತುಂಬತೀರೇನು? ಉಕ್ಕಾಕ ಜಾಗ ಬಿಡಬೇಕಲ್ಲ. ನಿಮ್ಮ ಪಿಸುಮಾತು ನಂಬಿ ನಾ ಗುಂಡಿ ಏರಿಸಿ ತುಂಬಿಸಿಟ್ಟೆ. ನೀವು ಉಕ್ಕಿಬಿಟ್ರಿ."

ಇಪ್ಪತ್ತು ವರ್ಷದಿಂದ ಸೊಸೆಗೆ ಇದೇ ಪಾಠ ಹೇಳುತ್ತಿರುವವಳು ನಾನು.

"ಹನ್ನೆರಡಕ್ಕ ಕರೆಂಟ್ ಹೋಗತೈತಿ. ಹಾಡೋ ಗಂಟಲಿನಾಗ ಹೆಸರು ಹೇಳ್ರಿ. ಇದೊಂದೇ ಸಲ."

ಅಕ್ಕ ನೆನಪಾದಳು. ಕಣ್ಣು ಮುಚ್ಚಿ, ಹೊಲದಾಚೆ ಇರುವವರನ್ನು ಕರೆಯುವ ಹಾಗೆ ಕೂಗಿದೆ. "ಕೊಟ್ರಪ್ಪಾ!"

"ಓ," ಎಂದಿತು ಹೊರಗಿನ ಬೆಂಚು. ಬಾಗಿಲು ತಳ್ಳಿಕೊಂಡು ಗಂಡ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು. "ಏನಾತಲೇ? ಜೀವ ಗೀವ ಹೊಂಟೈತೇನು?"

"ಏನಿಲ್ಲ, ಅಳತಿ ನೋಡಾಕತ್ತಾರ. ಹೋಗಿ ಕುಂದರ್ರಿ."

ಶಬಾನಾ ಗುಂಡಿ ಕೆಳಗಿಳಿಸಿದಳು. ಹಾಡಿದೆ. ದೀಪ ಕೊನೆಯ ತನಕ ಹಸಿರಾಗೇ ಉಳಿಯಿತು.

ಶುಕ್ರವಾರ ಹಾಡು ಮುಗಿಯುತ್ತಲೇ ಅಕ್ಕನ ಫೋನು. ಸ್ವಲ್ಪ ಹೊತ್ತು ಮೂಗು ಏರಿಸಿದಳು. "ಅವ್ವ ಬಾಜೂಕ ಬಂದು ಕುಂತಂಗಾತು," ಅಂದಳು. ಇಷ್ಟಕ್ಕೇ ಇಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. "ಅಲ್ಲಲೇ, ಪದಕ್ಕಿಂತ ಮೊದಲು ಗಂಡನ್ನ ಹಂಗ್ಯಾಕ ಒದರಿದಿ? ಅವ್ರು ಓ ಅಂದದ್ದೂ ಕೇಳಿಸ್ತು."

ಅಳತಿ ನೋಡುವಾಗಲೇ ರೆಕಾರ್ಡ್ ಆಗಿದ್ದ ಅದನ್ನು ಚೊಲೋ ಐತೆಂದು ಶಬಾನಾ ಕತ್ತರಿಸದೆ ಬಿಟ್ಟಿದ್ದಳಂತೆ.

ಈಗ ಸಂತಿಗೆ ಹೋದರೆ ನನ್ನ ಹಾಡಿನ ಮಾತು ಯಾರೂ ಎತ್ತುವುದಿಲ್ಲ. ನನ್ನನ್ನು ಕಂಡ ಕೂಡಲೇ ಬದನಿಕಾಯಿ ಮಾರುವವಳು ಸಹ "ಓ" ಅಂತಾಳೆ.