ಹದ್ದು ಎರಡು, ಕೇಳಿಸ್ತಿದೆಯಾ?

ಎಲ್ಲಕ್ಕೂ ಮೂಲ ಪ್ರವಾಸಕ್ಕೆ ಜೊತೆಯಾಗಿದ್ದ ಗೆಳತಿ ಜೂನ್ ಮಾಡಿದ ಟಾಫಿ.

ಬೆಳಿಗ್ಗೆ ಹೊರಡುವಾಗ ಅವಳು ಕಾರಿನ ಕಿಟಕಿಯೊಳಗೆ ಕೈ ತೂರಿಸಿ, "ದಾರಿಗಿರ್ಲಿ, ತಗೋ ನೆವಿಲ್" ಎಂದು ಕಾಗದದಲ್ಲಿ ಸುತ್ತಿದ ನಾಲ್ಕು ಟಾಫಿ ಕೊಟ್ಟಳು. ಮೊದಲನೆಯದನ್ನು ಬಾಯಿಗೆ ಹಾಕಿಕೊಂಡ ನೆವಿಲ್‌ಗೆ ಹತ್ತು ನಿಮಿಷ ದವಡೆ ಬಿಡಿಸಲಾಗಲಿಲ್ಲ. ಕೊನೆಗೆ ಹೇಗೋ ಕಿತ್ತು ತೆಗೆದು, ಆ ಅಂಟು ಉಂಡೆಯನ್ನು ಗೇರಿನ ಪಕ್ಕದ ಗೂಡಿನಲ್ಲಿಟ್ಟ. ಮುಂದಿನ ಹಳ್ಳಕ್ಕೆ ಕಾರು ಕುಪ್ಪಳಿಸಿತು. ಕೊಕ್ಕೆಯಲ್ಲಿ ನೇತಾಡುತ್ತಿದ್ದ ರೇಡಿಯೊ ಮೈಕು ಕಳಚಿ ಟಾಫಿಯ ಮೇಲೆ ಬೋರಲು ಬಿತ್ತು. ಮಾತಾಡಲು ಒತ್ತುವ ಗುಂಡಿ ಒತ್ತಿದ್ದು ಒತ್ತಿದ ಹಾಗೇ ಅಂಟಿಕೊಂಡಿತು. ನೆವಿಲ್ ಅದನ್ನು ನೋಡಲಿಲ್ಲ.

ಆ ಕಡಲ ದಾರಿಯಲ್ಲಿ ಲಾರಿಯವರು, ಕಾರಿನ ಹಿಂದೆ ಗಾಲಿಮನೆ ಎಳೆಯುವ ಕ್ಯಾರವಾನಿನವರು, ಪೆಟ್ರೋಲ್ ಬಂಕಿನವರು ಎಲ್ಲರ ಕಿವಿಯೂ ರೇಡಿಯೊದ ಒಂದೇ ಚಾನೆಲ್ಲಿಗೆ. ಗುಂಡಿ ಒತ್ತಿದರೆ ನಿಮ್ಮ ಮಾತು ಸುತ್ತಲಿನ ಮೂವತ್ತು ಕಿಲೋಮೀಟರಿಗೆ ಹರಡುತ್ತದೆ. ಬಿಡುವ ತನಕ ಯಾರ ಮಾತೂ ನಿಮಗೆ ಕೇಳಿಸುವುದಿಲ್ಲ. ಜೂನಳ ಗಂಡ ಟ್ರೆವರ್ ಮುಂದಿನ ಕಾರಿನಿಂದ, ಎರಡೂ ಕಾರಿಗೆ ತಾನೇ ಇಟ್ಟ ಹೆಸರು ಹಿಡಿದು, ದಿನವಿಡೀ "ಹದ್ದು ಒಂದರಿಂದ ಹದ್ದು ಎರಡಕ್ಕೆ, ಎದುರಿಗೊಂದು ಹಳ್ಳ ಇದೆ" ಎಂದು ಒದರುತ್ತಿದ್ದ. ನೆವಿಲ್ ಆ ಹಳ್ಳಕ್ಕೆ ಬಿದ್ದ ಮೇಲೆಯೇ ಆ ಮಾತು ಬರುತ್ತಿತ್ತು. ಇವತ್ತು ಅವನ ಸದ್ದೇ ಇರಲಿಲ್ಲ. ದೇವರು ಕಣ್ಣು ಬಿಟ್ಟ ಎಂದುಕೊಂಡ ನೆವಿಲ್.

ಹೆಂಡತಿ ಡೊರೀನ್ ಕೂಡ, "ಜೂನ್ ಜೊತೆ ಸ್ವಲ್ಪ ಮಾತಾಡೋದಿದೆ" ಎಂದು ಟ್ರೆವರ್‌ನ ಕಾರು ಹತ್ತಿದ್ದಳು. ಹತ್ತೊಂಬತ್ತು ದಿನಗಳಲ್ಲಿ ಮೊದಲ ಬಾರಿಗೆ ಒಬ್ಬನೇ ಆಗಿದ್ದ ನೆವಿಲ್ ಬಾಯಿ ಬಿಟ್ಟ. ಹೊಟ್ಟೆಯಲ್ಲಿ ಕೊಳೆಯುತ್ತಿದ್ದುದೆಲ್ಲ ಹೊರಗೆ ಬಂತು.

"ಹತ್ತೊಂಬತ್ತು ದಿನ! ಹಾಸಿಗೇಲಿ ಮರಳು, ಟೀಲಿ ಮರಳು, ಕಿವೀಲಿ ಮರಳು. ಎಡಕ್ಕೆ ನೋಡಿದ್ರೆ ನೀರು, ಬಲಕ್ಕೆ ನೋಡಿದ್ರೆ ಕೆಂಪು ಮಣ್ಣು. ನಾಲ್ಕು ದಿನಕ್ಕೊಂದು ಮರ, ಅದರ ಮುಂದೆ ನಿಂತು ಒಂದು ಫೋಟೊ! ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಹೇಳೋಕೆ ಟ್ರೆವರ್ ಬೇಕಾ? ಯಾವ ಕಣ್ಣಿಗೆ ಮಣ್ಣು ಬಿತ್ತೋ ಆ ಕಡೆಯಿಂದ! ಇನ್ನು ಜೂನ್ ಮಾಡೋ ಡಬ್ಬಿ ಮೀನಿನ ಉಂಡೆ. ಅದನ್ನ ತಿಂದ ಮೇಲೆ ಕ್ಯಾರವಾನಿನ ಕಕ್ಕಸಿನ ಡಬ್ಬ ಖಾಲಿ ಮಾಡೋ ಪಾಳಿ ಯಾರದು? ನಂದೇ! ನನಗೆ ನಮ್ಮೂರು ಬನ್‌ಬರಿಗೆ ಹೋಗ್ಬೇಕು. ನನ್ನ ಹಾಸಿಗೇಲಿ ಮಲಗ್ಬೇಕು. ನನ್ನ ಟೊಮೆಟೊ ಗಿಡ ನೋಡ್ಬೇಕು."

ಹಳ್ಳವೊಂದನ್ನು ಬಳಸಿ ಮತ್ತೆ ಶುರುಮಾಡಿದ.

"ಆದ್ರೆ ಡೊರೀನ್‌ಗೆ ಹೇಗೆ ಹೇಳ್ಲಿ? ಮೂವತ್ತೆಂಟು ವರ್ಷ ಹಲ್ಲಿನ ಡಾಕ್ಟ್ರ ಪಕ್ಕ ನಿಂತು ಊರೋರ ಬಾಯಿ ನೋಡಿದ್ಲು. ಅಡುಗೆಮನೆ ನಲ್ಲಿ ಮೇಲೆ ಈ ಸಮುದ್ರದ ಚಿತ್ರಾನೇ ಕ್ಯಾಲೆಂಡರಿಂದ ಕತ್ತರಿಸಿ ಅಂಟಿಸ್ಕೊಂಡಿದ್ಲು. ಅವಳ ಆಸೆಗೆ ಕಲ್ಲು ಹಾಕೋಕೆ ನನ್ನ ಕೈಲಾಗಲ್ಲ. ಇನ್ನೂ ಎರಡು ತಿಂಗಳು ಹೀಗೇ. ಸತ್ರೆ ಇಲ್ಲೇ ಸಾಯ್ತೀನಿ. ಹೂಳೋಕೆ ಮರಳಿಗಂತೂ ಬರ ಇಲ್ಲ."

ಎದುರಿಗೆ ಬಂದ ಲಾರಿಯ ಡ್ರೈವರ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಹೋದ. ಆ ದಾರಿಯಲ್ಲಿ ಎದುರಾದವರು ಸ್ಟೇರಿಂಗಿನಿಂದ ಒಂದು ಬೆರಳೆತ್ತುವುದು ವಾಡಿಕೆ. ಟೋಪಿ ತೆಗೆಯುವುದನ್ನು ನೆವಿಲ್ ಕಂಡಿರಲಿಲ್ಲ. ಹಿಂದೆ ಯಾರದೋ ಶವ ಬರುತ್ತಿರಬೇಕು ಎಂದು ಕನ್ನಡಿಯಲ್ಲಿ ನೋಡಿದ. ಅವನ ಕ್ಯಾರವಾನ್ ಬಿಟ್ಟರೆ ಹಿಂದೆ ಏನೂ ಇರಲಿಲ್ಲ.

ಟ್ರೆವರ್ ಜಾಗ ಹಿಡಿಯಲೆಂದು ಲಾಸ್ಟ್ ಆಂಕರ್ ಕೊಲ್ಲಿಯ ತಂಗುದಾಣಕ್ಕೆ ನೇರವಾಗಿ ಹೋಗಿದ್ದ. ನೆವಿಲ್ ಪೆಟ್ರೋಲಿಗೆಂದು ದಾರಿಯ ಬಂಕಿನಲ್ಲಿ ನಿಲ್ಲಿಸಿದ. ಗಡ್ಡದ ಲಾರಿಯವನೊಬ್ಬ ಬಂದವನೇ ಮಾತಿಲ್ಲದೆ ಅವನನ್ನು ಬಾಚಿ ತಬ್ಬಿಕೊಂಡ, ಬೆನ್ನು ತಟ್ಟಿದ, ಮೂಗೊರೆಸಿಕೊಂಡು ಹೋದ. ಹಸಿರು ಟೋಪಿಯವನೊಬ್ಬ ಎರಡು ಮಾತ್ರೆ ಅಂಗೈಗಿಟ್ಟ.

"ಹೊಟ್ಟೆ ಉರಿಗೆ ಒಳ್ಳೇದು. ಡಬ್ಬಿ ಮೀನು ನನಗೂ ಆಗಲ್ಲ. ನಾನು ಹಾರ್ವಿ. ನಾನೂ ಲಾಸ್ಟ್ ಆಂಕರಲ್ಲೇ ಇರೋದು. ಮೀನು ಈಗಷ್ಟೇ ಕಚ್ಚೋಕೆ ಶುರುಮಾಡಿವೆ, ಇನ್ನೆರಡು ವಾರ ನಾನಂತೂ ಕದಲಲ್ಲ. ಧೈರ್ಯ ಕಳ್ಕೋಬೇಡ ಮಾರಾಯ."

ಒಳಗೆ ಬಂಕಿನ ಅಂಗಡಿಯ ಮೇವಿಸ್ ಎಂಬಾಕೆ ಬಿಸಿ ಮಾಂಸದ ಪೈ ಮುಂದಿಟ್ಟು, ದುಡ್ಡು ಬೇಡವೆಂದು ಕೈಯಾಡಿಸಿದಳು. "ತಿನ್ನು. ಮರಳಿಲ್ಲ ಇದ್ರಲ್ಲಿ. ನನ್ನ ಮಾತು ಕೇಳು, ಹೆಂಡ್ತಿಗೆ ಹೇಳ್ಬಿಡು. ಅಷ್ಟು ವರ್ಷ ಊರೋರ ಬಾಯಿ ನೋಡಿರೋಳು ಗಂಡನ ಹೊಟ್ಟೆ ಅರ್ಥ ಮಾಡ್ಕೊಳಲ್ವಾ?"

"ನಿಮಗೆ ನನ್ನ ಹೆಂಡ್ತಿ ಗೊತ್ತಾ?"

ಮೇವಿಸ್ ಕಪಾಟಿನ ಮೇಲಿನ ರೇಡಿಯೊ ಕಡೆಗೆ ಗದ್ದ ತೋರಿಸಿದಳು. ಅದರಿಂದ ಪರಪರ ಕಾಗದ ಹರಿಯುವ ಸದ್ದು ಬರುತ್ತಿತ್ತು. ಆಮೇಲೆ ಒಂದು ಕಡಲಹಕ್ಕಿಯ ಕಿರುಚಾಟ. ನೆವಿಲ್ ಕಿಟಕಿಯಿಂದ ಹೊರಗೆ ನೋಡಿದ. ಅವನ ಕಾರಿನ ಸೀಟಿನ ಮೇಲೆ ಕಡಲಹಕ್ಕಿಯೊಂದು ನಿಂತು ಅವನ ಸ್ಯಾಂಡ್‌ವಿಚ್ ಬಿಚ್ಚುತ್ತಿತ್ತು. ಹೊರಗೆ ಹಕ್ಕಿ ಕೊಕ್ಕು ತೆರೆದರೆ ಒಳಗೆ ಕಪಾಟಿನ ಮೇಲೆ ಕಿರುಚುತ್ತಿತ್ತು.

ನೆವಿಲ್ ಪೈಯನ್ನು ವಾಪಸ್ ತಟ್ಟೆಗಿಟ್ಟ.

"ಎಷ್ಟು ಹೊತ್ತಿಂದ?"

"ಹಾಸಿಗೇಲಿ ಮರಳು ಅಂದಾಗಿಂದ," ಎಂದಳು ಮೇವಿಸ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡೊರೀನ್ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಅವಳ ಸ್ವಭಾವ ಅವನಿಗೆ ಗೊತ್ತು: ಜಗಳ ಆಡುವುದಿಲ್ಲ, ಸದ್ದಿಲ್ಲದೆ ಕನಸನ್ನು ಮಡಿಚಿಟ್ಟು, "ನಡಿ, ಮನೆಗೆ ಹೋಗೋಣ" ಎನ್ನುತ್ತಾಳೆ. ಆಮೇಲೆ ಸಾಯುವ ತನಕ ನಲ್ಲಿಯ ಮೇಲಿನ ಆ ಚಿತ್ರ ಅವನನ್ನು ದಿಟ್ಟಿಸುತ್ತಿರುತ್ತದೆ. ಮೇವಿಸ್ ಕೊಟ್ಟ ಬೆಣ್ಣೆ ಚಾಕುವಿನಿಂದ ಅವನು ಕಾರಿಗೆ ಓಡಿ ಮೈಕಿನ ಟಾಫಿ ಕೆರೆದ. ಟಾಫಿಯ ಜೊತೆಗೆ ಗುಂಡಿಯೊಳಗಿನ ಒಂದು ಸಣ್ಣ ತಗಡಿನ ಚೂರೂ ಹಾರಿಹೋಯಿತು. ಅದನ್ನು ಹುಡುಕುವಷ್ಟು ವ್ಯವಧಾನ ಯಾರಿಗಿತ್ತು? ರೇಡಿಯೊಗೆ ಮತ್ತೆ ಜೀವ ಬಂದು, "ಪಾಪ, ಹದ್ದು ಎರಡರ ಹೆಂಡ್ತಿ ಏನಂದ್ಲಂತೆ?" ಎಂದು ಯಾರೋ ಯಾರನ್ನೋ ಕೇಳಿದರು. ನೆವಿಲ್ ಅದನ್ನು ಆರಿಸಿದ.

ಲಾಸ್ಟ್ ಆಂಕರ್‌ಗೆ ಹದಿನೈದು ಕಿಲೋಮೀಟರು. ಅಷ್ಟೂ ದೂರ ಅವನು ಒಂದೇ ಯೋಚನೆ ಮಾಡಿದ. ಹೇಗಾದರೂ ಸರಿ, ಈ ಕಡಲು ತನಗೆ ಪ್ರಾಣ ಎಂದು ಡೊರೀನ್ ನಂಬುವಂತೆ ಮಾಡಬೇಕು.

ಹೊಸ ಕ್ಯಾರವಾನ್ ಹಿಮ್ಮುಖವಾಗಿ ಜಾಗಕ್ಕೆ ಸೇರುವಾಗ ಹಳಬರೆಲ್ಲ ಮಡಚು ಕುರ್ಚಿ ಹಾಕಿಕೊಂಡು ಕೂತು ಗೇಲಿ ಮಾಡುವುದು ತಂಗುದಾಣಗಳ ಸಂಜೆಯ ನಾಟಕ. ನೆವಿಲ್ ಮೊದಲ ಸಲ ಕಸದ ಡಬ್ಬಕ್ಕೆ ಗುದ್ದಿದ, ಎರಡನೇ ಸಲ ಯಾರದೋ ಬಟ್ಟೆ ಹಗ್ಗ ಎಳೆದುಕೊಂಡು ಬಂದ. ಒಬ್ಬರೂ ನಗಲಿಲ್ಲ. "ಪರ್ವಾಗಿಲ್ಲಪ್ಪ, ಹಳೇ ಬಟ್ಟೆ" ಎಂದರು. ಅದು ಅವನನ್ನು ಇನ್ನಷ್ಟು ಕುಗ್ಗಿಸಿತು. ಬ್ರೇಕು ತಣ್ಣಗಾಗುವ ಮುನ್ನವೇ ಕ್ಯಾರವಾನ್ ಕಳಚುವ ಟ್ರೆವರ್ ಇವತ್ತು ಅದನ್ನು ಕಾರಿಗೆ ತಗುಲಿಸಿಯೇ ನಿಲ್ಲಿಸಿಕೊಂಡಿದ್ದ. ಅದೂ ನೆವಿಲ್ ಕಣ್ಣಿಗೆ ಬೀಳಲಿಲ್ಲ. ಅವನ ಕಣ್ಣಿದ್ದದ್ದು ಡೊರೀನಳ ಮೇಲೆ. ಅವಳ ಕಣ್ಣು ಅತ್ತು ಕೆಂಪಾಗಿತ್ತು.

ಅವಳ ಹತ್ತಿರ ಹೋಗುವಷ್ಟರಲ್ಲಿ ರೇಂಜರ್ ಹುಡುಗಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಸೇರಿಸಿದಳು.

"ನೋಡಿ, ತಂಗುದಾಣ ನೋಡ್ಕೊಳ್ತಿದ್ದ ಆಲ್ಮಾ ಮಂಡಿ ಆಪರೇಷನ್‌ಗೆ ಪರ್ತ್‌ಗೆ ಹೊರಟಿದಾರೆ. ನಿಮ್ಮಲ್ಲಿ ಯಾರಾದ್ರೂ ಸೀಸನ್ ಮುಗಿಯೋವರೆಗೆ, ಹತ್ತು ವಾರ, ಆ ಕೆಲಸ ವಹಿಸ್ಕೋಬೇಕು. ಸಂಬಳ ಇಲ್ಲ. ಕಕ್ಕಸು ತೊಳೀಬೇಕು, ಬೆಂಕಿ ಹಾಕೋರನ್ನ ಬೈಬೇಕು. ಯಾರೂ ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಗೇಟು ಮುಚ್ತೀನಿ, ಎಲ್ಲರೂ ಖಾಲಿ ಮಾಡ್ಬೇಕಾಗುತ್ತೆ."

ಹದಿನಾಲ್ಕು ಕುಟುಂಬಗಳು ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡವು. ಹಾರ್ವಿ ತನ್ನ ಗಾಳದ ಕೋಲುಗಳನ್ನು ಮಕ್ಕಳನ್ನು ಅಪ್ಪಿಕೊಳ್ಳುವಂತೆ ಅಪ್ಪಿಕೊಂಡ. ಡೊರೀನ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. ಅಷ್ಟು ಸಾಕಾಯಿತು. ನೆವಿಲ್‌ನ ಕೈ ತಾನಾಗಿಯೇ ಮೇಲೆದ್ದಿತು.

"ನಾನಿದೀನಿ! ಈ ಸಮುದ್ರ ಬಿಟ್ಟು ಹೋಗೋ ಮನಸ್ಸು ನನಗಿಲ್ಲ. ಮರಳು ಅಂದ್ರೆ ನನಗೆ ಪ್ರಾಣ. ಬನ್‌ಬರೀಲಿ ಏನಿದೆ? ನಾಲ್ಕು ಗೋಡೆ. ಹತ್ತು ವಾರ ಯಾಕೆ, ಹತ್ತು ವರ್ಷ ಇರ್ತೀನಿ!"

ತಂಗುದಾಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಅರ್ಜಿಗೆ ರುಜು ಹಾಕಿದ ಶಾಯಿ ಆರುವ ಮೊದಲೇ ಆಲ್ಮಾ ತನ್ನ ಖಾಕಿ ಟೋಪಿಯನ್ನು ಅವನ ತಲೆಗೂ ಕಕ್ಕಸಿನ ಬ್ರಷ್ಷನ್ನು ಅವನ ಕೈಗೂ ಕೊಟ್ಟು, ನೋಯುವ ಮಂಡಿಯಲ್ಲೇ ಕಾರಿಗೆ ಓಡಿದಳು. ಹಾರ್ವಿಯ ಮುಂದಾಳತ್ವದಲ್ಲಿ ಉಳಿದವರು ನೆವಿಲ್‌ನ ಕ್ಯಾರವಾನನ್ನು ಕಳಚಿ, ಗಾಲಿಗೆ ಕಲ್ಲು ಕೊಟ್ಟು, ಬಾಗಿಲಿಗೆ 'ಮೇಲ್ವಿಚಾರಕ' ಎಂಬ ಬೋರ್ಡು ತಗುಲಿಸಿದರು.

ನೆವಿಲ್ ಗೆದ್ದವನಂತೆ ಡೊರೀನಳ ಮುಂದೆ ನಿಂತ. "ಬೆಳಿಗ್ಗೆ ರೇಡಿಯೊದಲ್ಲಿ ಕೇಳಿದ್ದನ್ನೆಲ್ಲ ಮರೆತುಬಿಡು."

"ಯಾವ ರೇಡಿಯೊ? ಹೊರಟ ತಕ್ಷಣ ಆಫ್ ಮಾಡಿದ್ವಲ್ಲ. ನಿನ್ನ ವಿಷಯಾನೇ ಮಾತಾಡೋದಿತ್ತು." ಡೊರೀನ್ ಅವನ ಟೋಪಿ ಸರಿ ಮಾಡಿದಳು. "ನೆವಿಲ್, ನನಗೆ ಇನ್ನೊಂದು ದಿನಾನೂ ಇಲ್ಲಿ ಆಗಲ್ಲ. ಜೂನ್‌ಗೂ ಅಷ್ಟೇ. ಟ್ರೆವರ್‌ಗಂತೂ ಈ ಬಯಲಿನ ಮೌನ ಕಂಡ್ರೆ ಭಯ, ಅದಕ್ಕೇ ಅಷ್ಟು ಮಾತು. ನಾವು ಮೂವರೂ ಮನೆಗೆ ಹೊರಟಿದೀವಿ. ನಿನಗೆ ಹೇಗೆ ಹೇಳೋದು ಅಂತ ದಾರೀಲೆಲ್ಲ ಅತ್ತೆ."

"ಮತ್ತೆ ನಲ್ಲಿ ಮೇಲಿನ ಚಿತ್ರ?"

"ಅದು ಗೋಡೆ ಬಿರುಕು ಮುಚ್ಚೋಕೆ ಅಂಟಿಸಿದ್ದು! ನೀನು ದಿನಾ ಅದರ ಮುಂದೆ ನಿಂತು ಟೀ ಕುಡೀತಿದ್ದೆ. ಪಾಪ, ಇವನಿಗೆ ಸಮುದ್ರದ ಆಸೆ ಅಂತ ಈ ಕ್ಯಾರವಾನಿಗೆ ಒಪ್ಕೊಂಡೆ."

ನೆವಿಲ್‌ನ ಕೈಯಿಂದ ಬ್ರಷ್ ಬಿತ್ತು. "ಡೊರೀನ್! ನನಗೂ ಬೇಡ! ನನಗೂ ಮನೆಗೆ ಹೋಗ್ಬೇಕು! ಮರಳು ಕಂಡ್ರೆ ಮೈಯೆಲ್ಲ ಉರಿಯುತ್ತೆ!"

ಡೊರೀನಳ ಕಣ್ಣು ಮತ್ತೆ ತುಂಬಿತು. "ನೋಡಿದ್ಯಾ ಜೂನ್? ನಾನು ಹೇಳ್ಲಿಲ್ವಾ? ನನಗೋಸ್ಕರ ತನ್ನ ಆಸೇನೇ ಬಿಡೋಕೆ ಹೊರಟ. ಈಗಿನ್ನೂ ಅಷ್ಟು ಜನರ ಮುಂದೆ ಹತ್ತು ವರ್ಷ ಇರ್ತೀನಿ ಅಂದ! ಬೇಡ ನೆವಿಲ್, ಈ ಸಲ ನಿನ್ನ ತ್ಯಾಗ ನನಗೆ ಬೇಡ."

"ತ್ಯಾಗ ಅಲ್ಲ ಕಣೇ! ಸಾಕ್ಷಿ ಇದೆ! ಇಡೀ ಕರಾವಳಿ ಕೇಳಿದೆ! ಹಾರ್ವಿ, ಬಾ ಇಲ್ಲಿ. ಬೆಳಿಗ್ಗೆ ರೇಡಿಯೊದಲ್ಲಿ ನಾನು ಏನಂದೆ? ಹೇಳಪ್ಪಾ, ನಿನ್ನ ದಮ್ಮಯ್ಯ."

ಹಾರ್ವಿ ಸಮುದ್ರ ನೋಡಿದ. ಗಾಳದ ಕೋಲು ನೋಡಿದ. ನೆವಿಲ್‌ನ ಅರ್ಜಿಯನ್ನು ಮಡಿಚಿ ಜೇಬಿಗಿಡುತ್ತಿದ್ದ ರೇಂಜರ್ ಹುಡುಗಿಯನ್ನು ನೋಡಿದ. ಗೇಟು ಮುಚ್ಚಿದರೆ ಮೀನೂ ಇಲ್ಲ, ಗಾಳವೂ ಇಲ್ಲ.

"ರೇಡಿಯೊನಾ? ಬೆಳಿಗ್ಗೆಯಿಂದ ಬರೀ ಗೊರಗೊರ. ಮಧ್ಯ ಯಾರೋ ಸಮುದ್ರ ನೋಡ್ಕೊಂಡು ಸಂತೋಷವಾಗಿ ಹಾಡ್ತಿದ್ರು. ಅದು ನೀನೇನಾ ಮಾರಾಯ? ಒಳ್ಳೇ ಕಂಠ."

"ಹೌದೌದು, ಹಾಡೇ," ಎಂದವು ಹದಿಮೂರು ಕುಟುಂಬಗಳು ಒಂದೇ ಬಾಯಲ್ಲಿ.

ಡೊರೀನ್ ಅವನ ಕೆನ್ನೆಗೆ ಮುತ್ತಿಟ್ಟಳು. "ರಾತ್ರಿ ಇಲ್ಲೇ ಉಳಿದ್ರೆ ನನ್ನ ಕಣ್ಣೀರು ನೋಡಿ ನೀನು ಹಿಂದೇನೇ ಬರ್ತೀಯ. ರಸ್ತೆಗೆ ಕಾಂಗರೂ ಬರೋ ಮುಂಚೆ ಬಂಕು ಸೇರ್ಕೋತೀವಿ. ನಿನ್ನ ಟೊಮೆಟೊಗೆ ದಿನಾ ನೀರು ಹಾಕ್ತೀನಿ."

ನೆವಿಲ್ ಟ್ರೆವರ್‌ನ ಕಾರಿನ ಬಾಗಿಲು ಹಿಡಿದು ಸ್ವಲ್ಪ ದೂರ ಓಡಿದ. ಅಭಿಮಾನ ತಾಳಲಾರದೆ ಓಡಿ ಬರುತ್ತಿದ್ದಾನೆಂದು ಒಳಗಿನ ಮೂವರೂ ಕೈ ಬೀಸಿದರು. ಬಂಕಿನ ಗಡಿಬಿಡಿಯಲ್ಲಿ ಪೆಟ್ರೋಲ್ ಹಾಕಿಸುವುದನ್ನೇ ಮರೆತಿದ್ದ, ಬೆನ್ನಟ್ಟುವಂತೆಯೂ ಇರಲಿಲ್ಲ. ಧೂಳು ಅಡಗಿದ ಮೇಲೆ ಅವನು ತನ್ನ ಕಾರಿನಲ್ಲಿ ಕುಸಿದು ಕೂತು ರೇಡಿಯೊ ಹಾಕಿದ.

"ಹದ್ದು ಒಂದರಿಂದ ಹದ್ದು ಎರಡಕ್ಕೆ," ಎಂದಿತು ಟ್ರೆವರ್‌ನ ದನಿ. "ಡೊರೀನ್ ಮಾತಾಡ್ತಾಳಂತೆ. ಕೇಳಿಸ್ತಿದೆಯಾ?"

"ನೆವಿಲ್," ಡೊರೀನಳ ದನಿ ಒದ್ದೆಯಾಗಿತ್ತು. "ನನಗ್ಯಾಕೋ ಅನುಮಾನ. ನೀನು ಹೇಳಿದ್ದು ನಿಜಾನೇ ಆಗಿದ್ರೆ? ನಿಜವಾಗ್ಲೂ ಬರ್ಬೇಕು ಅನ್ಸಿದ್ರೆ ಈಗ ಒಂದೇ ಒಂದು ಮಾತು ಹೇಳು, ವಾಪಸ್ ಬಂದು ಕರಕೊಂಡು ಹೋಗ್ತೀವಿ. ಸುಮ್ನಿದ್ರೆ, ಅಲ್ಲೇ ಖುಷಿಯಾಗಿದೀಯ ಅಂದ್ಕೋತೀನಿ."

ನೆವಿಲ್ ಮೈಕು ಕಿತ್ತುಕೊಂಡು ಗುಂಡಿ ಒತ್ತಿದ. "ಬರ್ಬೇಕು! ಡೊರೀನ್, ಬರ್ಬೇಕು! ವಾಪಸ್ ಬಾ!" ಗುಂಡಿ ಒಳಗೆ ಹೋಗಿ ಹೊರಗೆ ಬಂತು, ಅಷ್ಟೇ. ತಗಡಿನ ಚೂರು ಹದಿನೈದು ಕಿಲೋಮೀಟರಿನಾಚೆ ಬಂಕಿನ ಧೂಳಿನಲ್ಲಿ ಬಿದ್ದಿತ್ತು. ಅವನು ಮೈಕನ್ನು ಬಡಿದ, ಕುಲುಕಿದ, ಉಳಿದಿದ್ದ ಮೂರು ಟಾಫಿಗಳಲ್ಲಿ ಒಂದನ್ನು ಜಗಿದು ಗುಂಡಿಗೆ ಮೆತ್ತಿ ಒತ್ತಿ ಹಿಡಿದು ಕೂಗಿದ.

ರೇಡಿಯೊ ಸ್ವಲ್ಪ ಹೊತ್ತು ಕಾಯಿತು.

"ನನಗೆ ಗೊತ್ತಿತ್ತು," ಎಂದಳು ಡೊರೀನ್ ಕೊನೆಗೆ. "ಸುಖವಾಗಿರು."

ಕಿಟಕಿಯ ಗಾಜಿನ ಮೇಲೆ ಯಾರೋ ತಟ್ಟಿದರು. ಹಾರ್ವಿ. ಒಂದು ಕೈಯಲ್ಲಿ ಈಗಷ್ಟೇ ಹಿಡಿದ ಮೀನು, ಇನ್ನೊಂದರಲ್ಲಿ ನೆವಿಲ್ ಬೀಳಿಸಿ ಬಂದಿದ್ದ ಬ್ರಷ್.

"ಮೇಲ್ವಿಚಾರಕರೇ," ಎಂದ ಬಹಳ ವಿನಯದಿಂದ, "ಮೂರನೇ ಕಕ್ಕಸಲ್ಲಿ ಪೇಪರ್ ಮುಗಿದಿದೆ."