ಬೀರಪ್ಪನಿಗಾಗಿ ಕಟ್ಟಿದ ಏರುದಾಳಿಯ ಡೆಕ್ಕು

ನಾನು ಸಾಧು ಮನುಷ್ಯನೆಂದು ಜಮಖಂಡಿಯಲ್ಲಿ ಹೆಸರಿದೆ. ಆ ಹೆಸರು ಬಂದದ್ದು ಸದ್ಗುಣದಿಂದಲ್ಲ, ಪುಕ್ಕಲುತನದಿಂದ. ಬಸ್ಸಿನಲ್ಲಿ ನಾನು ಹಿಡಿದ ಸೀಟಿನ ಮೇಲೆ ಇನ್ನೊಬ್ಬರು ಟವೆಲ್ ಎಸೆದರೆ ನಿಂತೇ ಹೋಗುತ್ತೇನೆ. ಸಂತೆಯಲ್ಲಿ ಹುಳುಕು ಬದನೆಕಾಯಿ ಚೀಲಕ್ಕೆ ಬೀಳುವುದನ್ನು ಕಣ್ಣಾರೆ ಕಂಡೂ ‘ಸಾಕ್ರಿ, ಛಲೋ ಅದಾವ’ ಎನ್ನುತ್ತೇನೆ. ‘ನಿಮ್ಮ ಮೂಗಿನ ಮ್ಯಾಲ ನೊಣ ಕುಂತ್ರ ಅದಕ್ಕೂ ಚಾ ಆತೇನ್ರಿ ಅಂತ ಕೇಳಾವ್ರು ನೀವು’ ಎಂದು ನನ್ನ ಹೆಂಡತಿ ವಿಮಲಾ ಹೇಳುವುದುಂಟು. ಆದರೆ ಇದೇ ನನ್ನ ಕೈಗೆ ಅರವತ್ತು ಕಾರ್ಡು, ಒಂದು ಪೆನ್ಸಿಲು, ಒಂದು ರಫ್ ಹಾಳೆ ಕೊಟ್ಟು ನೋಡಿ. ದಯೆ, ದಾಕ್ಷಿಣ್ಯ ಒಂದೂ ಉಳಿಯುವುದಿಲ್ಲ. ಎದುರಿನವನು ಉಸಿರು ಬಿಡುವುದರೊಳಗೆ ಅವನನ್ನು ಮುಗಿಸುವುದು ಹೇಗೆಂದು ಲೆಕ್ಕ ಹಾಕುತ್ತ ಕೂಡುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವನ ಕ್ರೌರ್ಯ ಹೊರಬರಲು ಬೇರೆ ದಾರಿ ಇರಲಿಕ್ಕಿಲ್ಲ.

ಕಾರ್ಡು ಎಂದೊಡನೆ ಓದುಗರು ಇಸ್ಪೀಟು ಎಂದುಕೊಳ್ಳಬಾರದು. ನಮ್ಮ ಓಣಿಯವರೆಲ್ಲ ಹಾಗೆಂದುಕೊಂಡು ಒಂದು ವರ್ಷ ನನ್ನನ್ನು ಮರುಕದಿಂದ ನೋಡಿದರು. ಇದರಲ್ಲಿ ರಾಜ, ರಾಣಿ ಇಲ್ಲ. ಒಂದೊಂದು ಕಾರ್ಡಿನ ಮೇಲೂ ಒಂದೊಂದು ಪ್ರಾಣಿ, ಸೈನಿಕ, ಮಂತ್ರ. ಪ್ರತಿಯೊಬ್ಬನೂ ತನಗೆ ಬೇಕಾದ ಅರವತ್ತನ್ನು ಆರಿಸಿ ಕಟ್ಟಿಕೊಂಡು ಬರುತ್ತಾನೆ. ಆ ಕಟ್ಟಿಗೆ ಡೆಕ್ಕು ಎನ್ನುತ್ತಾರೆ. ಇಬ್ಬರಿಗೂ ಇಪ್ಪತ್ತಿಪ್ಪತ್ತು ಜೀವ. ಪ್ರಾಣಿಗಳನ್ನು ಮುಂದೆ ಬಿಟ್ಟು ಎದುರಿನವನ ಇಪ್ಪತ್ತನ್ನು ಸೊನ್ನೆ ಮಾಡಿದವನು ಗೆದ್ದ. ಸರದಿ ಸರದಿಗೂ ಆಟಗಾರನ ಶಕ್ತಿ ಒಂದೊಂದೇ ಅಂಕ ಏರುತ್ತದೆ, ಬಳಸಿದ್ದು ಕಳೆಯುತ್ತದೆ, ಬಳಸದ್ದು ಮುಂದಕ್ಕೆ ಉಳಿಯುತ್ತದೆ. ಸಣ್ಣ ಪ್ರಾಣಿಗೆ ಸ್ವಲ್ಪ ಶಕ್ತಿ ಸಾಕು, ದೊಡ್ಡದಕ್ಕೆ ಬಹಳ ಬೇಕು. ಇಷ್ಟು ತಿಳಿದರೆ ಸಾಕು. ಉಳಿದದ್ದು ನಮಗೂ ಪೂರ್ತಿ ತಿಳಿದಿಲ್ಲ.

ಈ ಆಟ ನಮ್ಮ ಕಡೆ ಬಂದದ್ದು ಹೇಗೆ? ಬನಹಟ್ಟಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ಕಸ್ತೂರಿಯಕ್ಕ ವ್ಯಾಪಾರಕ್ಕೆ ಪುಣೆಗೆ ಹೋದಾಗ ಒಂದು ಡಬ್ಬಿ ತಂದರು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಕಸ್ತೂರಿಯಕ್ಕನನ್ನು ಕೇಳಿದರೆ ಅದನ್ನು ತಂದವನು ನಾನೇ. ಇಬ್ಬರಿಗೂ ನಮ್ಮ ನಮ್ಮ ನೆನಪು ಖಚಿತ. ಇಂಥ ವಿಷಯದಲ್ಲಿ ನೆನಪನ್ನು ನಂಬಬಾರದೆಂದು ನನಗೆ ಈಚೆಗೆ ಅನಿಸತೊಡಗಿದೆ. ಅದು ಇಸ್ತ್ರಿ ಮಾಡಿದ ಅಂಗಿಯ ಹಾಗೆ, ಸುಕ್ಕು ಕಾಣದಿದ್ದರೆ ಯಾರೋ ಕೈಯಾಡಿಸಿದ್ದಾರೆಂದೇ ಅರ್ಥ.

ಅಂತೂ ಪ್ರತಿ ರವಿವಾರ ಅಂಗಡಿಯ ಮಾಳಿಗೆಯ ಮೇಲೆ, ಸೀರೆಯ ಗಂಟುಗಳ ನಡುವೆ, ನಾವು ನಾಲ್ಕು ಜನ ಸೇರುತ್ತಿದ್ದೆವು. ಬನಹಟ್ಟಿಯ ಕಸ್ತೂರಿಯಕ್ಕ, ಜಮಖಂಡಿಯ ನಾನು, ಮುಧೋಳದಿಂದ ನಿವೃತ್ತ ಪೋಸ್ಟ್ ಮಾಸ್ತರ ದೇಶಪಾಂಡೆ ಮಾಮಾ, ಬೀಳಗಿಯಿಂದ ದನದ ದವಾಖಾನೆಯ ಕಂಪೌಂಡರ್ ಬೀರಪ್ಪ. ಸುತ್ತ ಮಗ್ಗಗಳ ಸದ್ದು ಎಷ್ಟಿತ್ತೆಂದರೆ ಕರೆಂಟು ಹೋದಾಗ ಮಾತ್ರ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು. ನಮ್ಮ ಜಗಳಗಳೆಲ್ಲ ಆಗಲೇ ನಡೆಯುತ್ತಿದ್ದವು. ಈ ನಾಲ್ಕು ಎಂಬ ಸಂಖ್ಯೆ ಮುಖ್ಯ. ನಾಲ್ವರು ಕೂತು ಆಡಿದರಷ್ಟೇ ಅದು ಪಂದ್ಯವೆಂದು ದಾಖಲಾಗುತ್ತದೆ, ದೊಡ್ಡ ಊರಿನ ಪಂದ್ಯಗಳಿಗೆ ನಮ್ಮನ್ನು ಕರೆಯುತ್ತಾರೆ, ಅವರೂ ನಮ್ಮಲ್ಲಿಗೆ ಬರುತ್ತಾರೆ. ಮೂವರಾದರೆ ಅದು ಮಾಳಿಗೆಯ ಮೇಲೆ ಕೂತ ಮೂವರು ಮಧ್ಯವಯಸ್ಕರು, ಅಷ್ಟೇ. ಐದನೆಯವರಿಗಾಗಿ ಮೂರು ತಾಲೂಕು ಹುಡುಕಿ ಸೋತಿದ್ದೆವು.

ಅದಕ್ಕೇ ಬೀರಪ್ಪ ಒಂದು ರವಿವಾರ ಕಾರ್ಡುಗಳನ್ನು ರಬ್ಬರಿನಿಂದ ಬಿಗಿದಿಟ್ಟು, ‘ನಾ ಬಿಡ್ತೀನ್ರಿ ಸರ್’ ಎಂದಾಗ ನನಗೆ ದಿಗಿಲಾಯಿತು.

‘ಯಾಕೋ?’

‘ಎರಡ ವರ್ಷಾತ್ರಿ. ಒಂದ ಪಂದ್ಯಾನೂ ಗೆದ್ದಿಲ್ಲ. ಬೀಳಗಿಯಿಂದ ಎರಡ ಬಸ್ ಬದಲ ಮಾಡಿ ಸೋಲಾಕ ಬರೂದಂದ್ರ, ನಮ್ಮಕಿ ನಗ್ತಾಳ್ರಿ. ಸೋಲೂದ ಮನ್ಯಾಗೂ ಆಗತೈತಲ್ಲಾ ಅಂತಾಳ.’

‘ಅದು ಖರೆ ಅದ ನೋಡು’ ಎಂದರು ದೇಶಪಾಂಡೆ ಮಾಮಾ. ಕಸ್ತೂರಿಯಕ್ಕ ಅವರತ್ತ ಕಣ್ಣು ಬಿಟ್ಟು, ‘ನೀವ್ ಸುಮ್ಕಿರ್ರಿ ಮಾಮಾ’ ಎಂದರು. ಮುಂದಿನ ತಿಂಗಳು ಬನಹಟ್ಟಿಯಲ್ಲೇ ನಮ್ಮ ಪಂದ್ಯ, ಬೆಳಗಾವಿ, ಸೊಲ್ಲಾಪುರದವರೆಲ್ಲ ಬರುವವರಿದ್ದರು. ‘ಅದೊಂದ ಆಡು. ಒಂದ ಆಟ ಗೆದ್ರ ಇರು, ಇಲ್ಲಾಂದ್ರ ಹೋಗು’ ಎಂದು ಕಸ್ತೂರಿಯಕ್ಕ ಸೀರೆಯ ಚೌಕಾಶಿ ಮುಗಿಸುವ ದನಿಯಲ್ಲಿ ತೀರ್ಮಾನಿಸಿದರು. ಬೀರಪ್ಪ ಒಪ್ಪಿದ. ನಾನು, ಯಾರೂ ಕೇಳದಿದ್ದರೂ, ‘ಡೆಕ್ಕು ನಾ ಕಟ್ಟಿಕೊಡ್ತೀನಿ’ ಎಂದೆ.

ಕಟ್ಟಿದೆ. ಅಂಥ ಡೆಕ್ಕನ್ನು ಅದಕ್ಕಿಂತ ಮೊದಲೂ ಕಟ್ಟಿರಲಿಲ್ಲ, ಆಮೇಲೂ ಕಟ್ಟಿಲ್ಲ. ಏರುದಾಳಿಯ ಡೆಕ್ಕಿನ ತತ್ವ ಸರಳ: ಎಲ್ಲವೂ ಸಣ್ಣದಿರಬೇಕು, ಅಗ್ಗವಿರಬೇಕು, ಮೊದಲ ಸರದಿಯಿಂದಲೇ ಹೊಡೆಯಬೇಕು. ಎದುರಿನವನು ತನ್ನ ಆನೆಯನ್ನೋ ಘಟಸರ್ಪವನ್ನೋ ತರುವಷ್ಟು ಶಕ್ತಿ ಕೂಡಿಸಿಕೊಳ್ಳುವ ಮೊದಲೇ ಅವನ ಕಥೆ ಮುಗಿದಿರಬೇಕು. ಆ ನಡುವೆ ನಮ್ಮ ಸಣ್ಣ ಪ್ರಾಣಿಗಳು ಸಾಯುತ್ತವೆ. ಸಾಯಲೆಂದೇ ಅವು ಇರುವುದು. ಹತ್ತು ದಿನ ಲೆಕ್ಕ ಹಾಕಿದೆ. ಯಾವ ಕಾರ್ಡು ಯಾವ ಸರದಿಗೆ ಕೈಗೆ ಬರುವ ಸಂಭವ ಎಷ್ಟು ಎಂದು ಕೋಷ್ಟಕ ಬರೆದೆ. ನಾಲ್ಕಕ್ಕಿಂತ ಹೆಚ್ಚು ಶಕ್ತಿ ಬೇಡುವ ಪ್ರತಿಯೊಂದು ದೊಡ್ಡ ಪ್ರಾಣಿಯನ್ನೂ ನಿರ್ದಾಕ್ಷಿಣ್ಯವಾಗಿ ಕಿತ್ತೊಗೆದೆ. ಐದನೆಯ ಸರದಿಗೆ ಎದುರಾಳಿ ಸೊನ್ನೆ. ಆ ಹಾಳೆಯನ್ನು ಅಡುಗೆಮನೆಗೆ ಒಯ್ದು ವಿಮಲಾಗೆ ತೋರಿಸಿದೆ. ‘ಇಷ್ಟ ಸಿಟ್ಟು ಆ ಬದನಿಕಾಯಿ ಮಾರಾವಗ ತೋರಸ್ರಿ’ ಎಂದಳು.

ಅಭ್ಯಾಸಕ್ಕೆಂದು ಬೀರಪ್ಪನನ್ನು ಮನೆಗೆ ಕರೆಸಿದೆ. ಮೊದಲ ಸರದಿಗೆ ಒಂದು ನರಿಮರಿ ಬಂತು. ಕೆಳಗಿಟ್ಟ. ಎರಡನೆಯದಕ್ಕೆ ಇನ್ನೊಂದು ಬಂತು, ಅದನ್ನೂ ಅದರ ಪಕ್ಕದಲ್ಲಿಟ್ಟ. ಮೂರನೆಯದಕ್ಕೆ ಮತ್ತೊಂದು. ಸಾಲು ಬೆಳೆಯಿತು, ದಾಳಿ ಇಲ್ಲ.

‘ಹೊಡಿಯೋ!’

‘ತಡೀರಿ ಸರ್.’

‘ಯಾತಕ್ಕ ತಡೀಬೇಕು? ಇದು ಹೊಡಿಯೂ ಡೆಕ್ಕು.’

‘ದೊಡ್ಡದೊಂದ ಬರಲ್ರಿ. ಬರೇ ಸಣ್ಣವು ಅದಾವು. ಮುಂದ ಯಾವದ ಹೋಗತೈತಿ?’

ಆಗ ವಿಷಯ ತಿಳಿಯಿತು. ಬೀರಪ್ಪನ ಮನೆತನದವರು ತಲೆತಲಾಂತರದಿಂದ ಕುರಿಯವರು. ಹಿನ್ನೀರಿನಲ್ಲಿ ಊರು ಮುಳುಗಿ ಹೊಸ ಊರಿಗೆ ಬಂದಾಗಲೂ ಹಿಂಡನ್ನು ಒಂದೂ ತಪ್ಪದ ಹಾಗೆ ಹೊಡೆದುಕೊಂಡು ಬಂದವರು. ಹಿಂಡು ಹೊರಟಿತೆಂದರೆ ಮುಂದೆ ಟಗರು, ಹಿಂದೆ ಕುರಿಗಳು, ನಡುವೆ ಮರಿಗಳು. ಹೊಳೆ ದಾಟುವಾಗಲೂ ಮೊದಲು ಟಗರಿನ ಕೊಂಬು ಹಿಡಿದು ನೀರಿಗಿಳಿಸುತ್ತಾರೆ, ಉಳಿದವು ತಾವೇ ಬರುತ್ತವೆ. ಮರಿಯನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವ ಕುರುಬನನ್ನು ಬೀರಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಎರಡು ವರ್ಷ ಅವನು ಸೋತದ್ದು ಹೀಗೆ ಕಾಯುತ್ತ. ಈಗ ನಾನು ಕಟ್ಟಿಕೊಟ್ಟ ಡೆಕ್ಕಿನಲ್ಲಿ ಅವನು ಕಾಯುತ್ತಿದ್ದ ದೊಡ್ಡ ಪ್ರಾಣಿ ಒಂದೂ ಇರಲಿಲ್ಲ. ಎಲ್ಲವನ್ನೂ ನಾನೇ ತೆಗೆದುಹಾಕಿದ್ದೆ.

‘ಬೀರಪ್ಪಾ, ಇವು ಕಾಗದ’ ಎಂದೆ.

‘ಗೊತ್ತೈತ್ರಿ.’

‘ಮತ್ತ?’

‘ಕಾಗದಾದ್ರೂ ಮರಿ ಮರೀನ ಅಲ್ರೀ ಸರ್? ಒಂದ ಟಗರು ಹಾಕೂನ್ರಿ. ಒಂದ ಸಾಕು.’

ನಾನು ಕೋಷ್ಟಕ ತೆರೆದು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಟಗರಿಗೆ ಐದು ಶಕ್ತಿ ಬೇಕು, ಅಷ್ಟರೊಳಗೆ ಆಟ ಮುಗಿದಿರುತ್ತದೆ, ಅರವತ್ತರಲ್ಲಿ ಒಂದೇ ಒಂದು ಇದ್ದರೆ ಅದು ಕೈಗೆ ಬರುವ ಸಂಭವವಂತೂ ಇಷ್ಟೇ ಇಷ್ಟು. ಅವನು ಎಂಟನೆಯ ಇಯತ್ತೆಯ ಕೊನೆಯ ಬೆಂಚಿನವರ ಹಾಗೆ ತಲೆಯಾಡಿಸಿದ. ಆ ತಲೆಯಾಟದ ಅರ್ಥ ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಗೊತ್ತಿರಬೇಕಿತ್ತು.

ಪಂದ್ಯದ ದಿನ ಮಳೆ ಬರುತ್ತಿತ್ತು ಎಂದು ಬರೆದೆ, ಹೊಡೆದುಹಾಕಿದೆ. ಮಳೆ ಇರಲಿಲ್ಲ. ಮಳೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ನೆನಪಿಗೆ ಅನಿಸಿದೆ, ಅಷ್ಟೇ. ಮಾಳಿಗೆ ತುಂಬ ಜನ, ಎರಡು ಬಾಡಿಗೆ ಫ್ಯಾನು, ಕಸ್ತೂರಿಯಕ್ಕ ಕರಿದ ಮಿರ್ಚಿ ಭಜಿ. ಎಣ್ಣೆಗೈಯಿಂದ ಕಾರ್ಡು ಮುಟ್ಟಬಾರದೆಂದು ಬೆಳಗಾವಿಯವರು ಹೇಳಿದರು. ಹೇಳಿದವರೇ ಮೊದಲು ಮುಟ್ಟಿದರು. ಮೊದಲ ಆಟದಲ್ಲಿ ನಾನು ಸೋತೆ. ಬೀರಪ್ಪನೂ ಸೋತ. ಎರಡನೆಯದರಲ್ಲೂ ಇಬ್ಬರೂ ಸೋತೆವು. ಸೋತವರಿಗೆ ಸೋತವರೇ ಜೋಡಿ ಎಂಬುದು ಈ ಪಂದ್ಯಗಳ ನಿಯಮ. ಮೂರನೆಯ, ಅಂದರೆ ಕೊನೆಯ ಆಟಕ್ಕೆ ನನ್ನೆದುರು ಕುರ್ಚಿ ಎಳೆದು ಕೂತವನು ಬೀರಪ್ಪ.

ಅವನು ಗೆದ್ದರೆ ಉಳಿಯುತ್ತಾನೆ, ಸೋತರೆ ಬೀಳಗಿಯ ಬಸ್ಸು ಹತ್ತಿ ಹೋಗಿಬಿಡುತ್ತಾನೆ. ಅವನ ಜೊತೆ ನಮ್ಮ ರವಿವಾರಗಳೂ ಹೋಗುತ್ತವೆ. ನಾನು ಆ ಕ್ಷಣದಲ್ಲೇ ಸೋಲಲು ನಿರ್ಧರಿಸಿದೆ. ನಿರ್ಧರಿಸಿದಾಗ ಮೈಯಲ್ಲಿ ಒಂದು ಬಗೆಯ ತಂಪು ಹರಡಿತು. ತ್ಯಾಗಿಗಳಿಗೆ ಹೀಗೆಯೇ ಆಗುತ್ತದೇನೋ ಎಂದುಕೊಂಡೆ.

ಸೋಲಲು ಬಹಳ ಪ್ರಯತ್ನಪಟ್ಟೆ. ಬೇಡದ ಕಡೆ ಶಕ್ತಿ ಚೆಲ್ಲಿದೆ, ಒಳ್ಳೆಯ ಕಾರ್ಡುಗಳನ್ನು ಸುಮ್ಮನೆ ಬಿಸಾಡಿದೆ. ಬೆನ್ನ ಹಿಂದೆ ನಿಂತ ದೇಶಪಾಂಡೆ ಮಾಮಾ ಒಮ್ಮೆಯೂ ಆಶ್ಚರ್ಯಪಡಲಿಲ್ಲ. ನಾನು ಯಾವಾಗಲೂ ಹೀಗೆಯೇ ಆಡುತ್ತೇನೆಂದು ಅವರು ಆಮೇಲೆ ಹೇಳಿದರು. ಬೀರಪ್ಪ ಮಾತ್ರ ಎಂದಿನಂತೆ ಮರಿಗಳನ್ನು ಸಾಲಾಗಿ ಕೂರಿಸಿಕೊಂಡು ಸುಮ್ಮನಿದ್ದ. ನನ್ನ ಜೀವ ಇಪ್ಪತ್ತಕ್ಕೆ ಇಪ್ಪತ್ತೂ ಹಾಗೇ ಇತ್ತು. ಹೀಗಾದರೆ ಸೋಲುವುದಾದರೂ ಹೇಗೆ? ‘ಹೊಡಿ’ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆ ನೋಟ ನನಗೆ ಸರಿಬರಲಿಲ್ಲ. ಕಾರ್ಡು ಕೆಳಗಿಟ್ಟು ಎದ್ದೇಬಿಡುತ್ತಾನೋ ಎನಿಸಿತು.

ಏಳಲಿಲ್ಲ. ಮುಂದಿನ ಕಾರ್ಡು ಎಳೆದ, ಎರಡು ಬಾರಿ ನೋಡಿದ, ಮೆಲ್ಲಗೆ ಮೇಜಿನ ಮೇಲಿಟ್ಟ. ಸುರುಳಿ ಕೊಂಬಿನ ದೊಡ್ಡ ಟಗರು. ನಾನು ಕಟ್ಟಿಕೊಟ್ಟ ಡೆಕ್ಕಿನಿಂದ ಒಂದು ನರಿಮರಿಯನ್ನು ತೆಗೆದು ಅದನ್ನು ಸೇರಿಸಿದ್ದ.

‘ಬರ್ರ್ಯೋ!’ ಎಂದ. ನನಗಲ್ಲ, ಮರಿಗಳಿಗೆ.

ಮರುಸರದಿಗೆ ಟಗರು ಮುಂದೆ, ಏಳು ಮರಿಗಳು ಹಿಂದೆ, ಇಡೀ ಹಿಂಡು ಒಮ್ಮೆಲೆ ನನ್ನ ಮೇಲೆ ಬಂತು. ಎರಡು ವರ್ಷ ಹೊಡೆಯದವನು ಅಂದು ಹೊಡೆದ. ಇಪ್ಪತ್ತು ಹೋಗಿ ಏಳಾಯಿತು. ಇನ್ನೊಂದು ಸರದಿ ಬಂದರೆ ನನ್ನ ಕಥೆ ಮುಗಿದಂತೆಯೇ.

ಇಲ್ಲಿಂದ ಮುಂದೆ ನನ್ನ ನೆನಪು ಹೇಳುವುದು ಹೀಗೆ: ಟಗರನ್ನು ಒಂದೇ ಏಟಿಗೆ ಕೊಲ್ಲುವ ಮಂತ್ರದ ಕಾರ್ಡು ನನ್ನ ಕೈಯಲ್ಲಿತ್ತು, ನಾನು ಉದಾರವಾಗಿ ಅದನ್ನು ಬಳಸಲಿಲ್ಲ. ಕಾರ್ಡು ಇದ್ದದ್ದು ನಿಜ. ಆದರೆ ದೇಶಪಾಂಡೆ ಮಾಮಾ ಕಂಡದ್ದು ಬೇರೆ. ಅವರ ಪ್ರಕಾರ ನಾನು ಆ ಕಾರ್ಡನ್ನು ಗಬಕ್ಕನೆ ಎತ್ತಿದೆ, ಶಕ್ತಿ ಎಣಿಸಿದೆ, ಸಾಲದೆ ಮತ್ತೆ ಎಣಿಸಿದೆ, ಮೂರನೆಯ ಬಾರಿ ಬೆರಳು ಮಡಚಿ ಎಣಿಸಿದೆ. ಸೋಲಬೇಕೆಂದು ಆಗಲೇ ಚೆಲ್ಲಿಬಿಟ್ಟಿದ್ದ ಶಕ್ತಿ ಎಲ್ಲಿಂದ ಬರಬೇಕು? ಹಲ್ಲು ಕಡಿದು, ‘ಥೂ!’ ಎಂದೆನಂತೆ. ನಾನು ಹಾಗೆ ಅಂದಿರಲಾರೆ. ಕಸ್ತೂರಿಯಕ್ಕನಿಗೂ ಕೇಳಿಸಿತಂತೆ. ಮುಂದಿನ ಸರದಿಗೆ ಹಿಂಡು ಮತ್ತೆ ಬಂತು, ನಾನು ಸತ್ತೆ.

ಮಾಳಿಗೆಯವರೆಲ್ಲ ಚಪ್ಪಾಳೆ ಹೊಡೆದರು. ಬೀರಪ್ಪ ಒಂದೊಂದೇ ಮರಿಯನ್ನು ಎತ್ತಿ ಎಣಿಸಿ ಡಬ್ಬಿಗೆ ತುಂಬಿದ. ಒಂದೂ ಸತ್ತಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಜಮಖಂಡಿಯವರೆಗೆ ಇಬ್ಬರೂ ಒಟ್ಟಿಗೆ ಬಂದೆವು. ನನ್ನ ತ್ಯಾಗ ಯಾರಿಗೂ ತಿಳಿಯದೆ ಹೋಗುತ್ತದಲ್ಲ ಎಂಬ ಕೊರಗು ನನಗೆ. ಊರು ಹತ್ತಿರ ಬಂದಾಗ ತಡೆಯಲಾರದೆ, ‘ಬೀರಪ್ಪಾ, ಖರೆ ಹೇಳ್ತೀನಿ, ಇವತ್ತ ನಾ ಸೋಲಬೇಕಂತನ ಕುಂತಿದ್ದೆ’ ಎಂದೆ.

‘ಗೊತ್ತಾಗಿತ್ರಿ ಸರ್. ಸುರುವಿಗೇ ಗೊತ್ತಾತು.’

‘ಗೊತ್ತಾಗಿತ್ತ?’

‘ದನಕ್ಕ ಸೂಜಿ ಚುಚ್ಚೂ ಮುಂದ ನಾವು ಮಾರಿ ಹೆಂಗ ಮಾಡ್ತೀವಿ, ನಿಮ್ಮ ಮಾರಿ ಹಂಗಿತ್ತು. ಭಾಳ ಬ್ಯಾಸರಾತ್ರಿ. ಇವರು ನನಗ ಭಿಕ್ಷಾ ಹಾಕಾಕತ್ತಾರ, ಎದ್ದ ಹೋಗಿಬಿಡೂನು, ಮತ್ತ ಈ ಕಡೆ ಹಾಯೂದ ಬ್ಯಾಡ ಅಂತ ಮಾಡಿದ್ದೆ.’

ನಾನು ಕಿಟಕಿಯ ಕಡೆ ತಿರುಗಿದೆ.

‘ಕಡೀಕ ಟಗರು ಬಂತು ನೋಡ್ರಿ,’ ಎಂದು ಅವನು ನಗತೊಡಗಿದ. ‘ನೀವು ಆ ಕಾರ್ಡ ಎತ್ತಿದ್ರಿ, ಎಣಸಿದ್ರಿ, ಮತ್ತ ಎಣಸಿದ್ರಿ, ಮಾರಿ ಕೆಂಪಗಾತು. ಆಗ ಜೀವಕ್ಕ ಸಮಾಧಾನ ಆತ್ರಿ. ಈ ಮನಶ್ಯಾ ನನ್ನ ಖರೇನ ಕೊಲ್ಲಾಕ ನೋಡಾಕತ್ತಾನ, ಇದು ಆಟ ಅಂತ. ಮುಂದಿನ ಐತಾರಾನೂ ಬರ್ತೀನ್ರಿ. ಆದ್ರ ಸೋಲಾಕ ಕುಂದ್ರಬ್ಯಾಡ್ರಿ ಸರ್, ನಿಮಗ ಅದೂ ಬರೂದಿಲ್ಲ.’

ಜಮಖಂಡಿ ನಿಲ್ದಾಣದಲ್ಲಿ ಅವನು ಬೀಳಗಿಯ ಬಸ್ಸು ಹಿಡಿದ. ನಾನು ಮನೆಯ ದಾರಿ ಹಿಡಿದೆ. ನನ್ನ ಒಳ್ಳೆಯತನ ಕೆಡಿಸಲಿದ್ದ ಕೆಲಸವನ್ನು ನನ್ನ ಸಣ್ಣತನ ಉಳಿಸಿಕೊಟ್ಟಿತ್ತು. ಇದನ್ನು ಮನೆಯಲ್ಲಿ ಹೇಳುವುದೋ ಬೇಡವೋ ತಿಳಿಯಲಿಲ್ಲ. ಹೇಳಲಿಲ್ಲ. ಮರುದಿನ ಶಾಲೆಯಲ್ಲಿ, ಹುಡುಗರಿಗೆ ಹತ್ತು ಲೆಕ್ಕ ಕೊಟ್ಟು ಕೂರಿಸಿ, ಹಾಜರಿ ಪುಸ್ತಕದ ಮರೆಯಲ್ಲಿ ಒಂದು ಹೊಸ ಹಾಳೆ ತೆಗೆದೆ. ಸುರುಳಿ ಕೊಂಬಿನ ಟಗರನ್ನು ಅದು ಮೇಜಿಗೆ ಬಂದ ಸರದಿಯಲ್ಲೇ ಕೊಲ್ಲಲು ಎಷ್ಟು ಶಕ್ತಿ ಉಳಿಸಿಟ್ಟಿರಬೇಕು ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದೆ.