ಮೂರನೆಯ ಕೂಗು

ಭಗವಂತ ಎಲ್ಲೆಲ್ಲಿಯೂ ಇದ್ದಾನೆಂದು ಶಾಸ್ತ್ರ ಹೇಳುತ್ತದೆ. ಆದರೆ ನಾನು ಪೂಜೆಯ ತೆಂಗಿನಕಾಯಿ ಕೈಗೆತ್ತಿಕೊಂಡ ಕ್ಷಣ ನನ್ನ ಭಾವಮೈದುನ ಮಾತ್ರ ಎಲ್ಲಿಯೂ ಇರುತ್ತಿರಲಿಲ್ಲ!

ಎಂಬತ್ತರ ದಶಕದ ಮಾತು. ಬಾವಿ ತೋಡುವಲ್ಲಿ ಬಂಡೆಗೆ ಸಿಡಿಮದ್ದು ಇಡುವುದು ಅವನ ಕಸುಬಾಗಿತ್ತು. ಅದನ್ನು ಬಿಟ್ಟು, ಸಾರಾಯಿ ಹಿಡಿದು, ಮಧುಗಿರಿಯ ನಮ್ಮ ಮನೆ ಸೇರಿದ್ದ. ಪೂಜೆಯ ಹೊತ್ತಿಗೆ ಜಗಲಿಯಲ್ಲಿ ಕೈಮುಗಿದು ಕೂರುವನು. ಕಾಯಿಗೆ ಕೈಹಾಕಿದೆನೋ, ಎದ್ದು ನೇರ ಸಾರಾಯಿ ಅಂಗಡಿಗೆ! ಇಷ್ಟು ನಿಷ್ಠೆಯ ನಾಸ್ತಿಕನನ್ನು ನೀವು ಕಂಡಿದ್ದೀರಾ?

ಕರ್ಪೂರ ಮುಟ್ಟಿಸಿ ಆಣೆ ಹಾಕಿಸಿದೆ. "ಮಧುಗಿರಿ ಸಾರಾಯಿ ಮುಟ್ಟಲ್ಲ ಕಣ್ ಭಾವ" ಎಂದ. ಮುಟ್ಟಲೂ ಇಲ್ಲ, ಕೊರಟಗೆರೆಯ ಬಸ್ಸು ಹತ್ತಿದ! ಕೊರಟಗೆರೆಗೂ ಆಣೆಯಾಯಿತು, ಸಿರಾಕ್ಕೆ ಹೋದ. ಸಿರಾಕ್ಕೂ ಆಯಿತು, ಆಂಧ್ರದ ಗಡಿಯ ಪಾವಗಡ ಸೇರಿದ. ಮರಳಿದವನ ಬಾಯಲ್ಲಿ ತೆಲುಗು ಬೇರೆ! ನಾಲ್ಕನೆಯ ಆಣೆಗೆ ಮನೆಯಲ್ಲಿ ಕರ್ಪೂರವಿತ್ತು, ನನ್ನಲ್ಲಿ ತ್ರಾಣವಿರಲಿಲ್ಲ.

"ಆಸ್ಪತ್ರೆಗೆ ಬಾ. ಇಲ್ಲದಿದ್ದರೆ ನಾಳೆಯೇ ಈ ಮನೆ ಬಿಡು" ಎಂದೆ.

ನನ್ನಾಕೆ ಕಣ್ಣೊರೆಸಿಕೊಂಡು, "ಆಸ್ಪತ್ರೆಗ್ ಹೋಗ್ ಬಾರ್ಲಾ ತಮ್ಮಾ, ಮನೇಲೇ ಇದ್ಬುಡೀವಂತೆ" ಎಂದಳು.

ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ಮನೋವೈದ್ಯೆ ಅವನ ಕುಡಿತದ ಲೆಕ್ಕ ಬರೆದುಕೊಂಡು, ಇನ್ನೊಂದು ಹಾಳೆ ತೆಗೆದರು. ಕುಡಿಯುವವರನ್ನೆಲ್ಲ ಇದನ್ನೂ ಕೇಳುತ್ತೇನೆ ಎಂದರು.

"ಬೇಡದ ನೆನಪು ಪದೇ ಪದೇ ಕಾಡುತ್ತಾ?"

"ಕಾಡ್ತದೆ ಕಣಮ್ಮ. ನಮ್ ಭಾವನ ಬುದ್ಧಿಮಾತು!"

"ಯಾವುದಾದರೂ ಸದ್ದಿಗೆ ಹೆದರಿ ತಪ್ಪಿಸಿಕೊಳ್ಳುತ್ತೀರಾ?"

"ಭಾವ ಕಾಯಿ ಒಡೀತಾರಲ್ಲ, ಅದ್ಕೆ."

ನಾನು ನಕ್ಕುಬಿಟ್ಟೆ. ವೈದ್ಯೆ ನಗಲಿಲ್ಲ. "ಯಾಕೆ?" ಎಂದರು.

"ಹೇಳ್ದೆ ಕೇಳ್ದೆ ಒಡೆದ್ಬುಡ್ತಾರೆ." ತಲೆ ತಗ್ಗಿಸಿದ. "ಮದ್ದಿನ್ ಬತ್ತಿಗೆ ಬೆಂಕಿ ಇಕ್ಕೋ ಮುಂಚೆ 'ಹುಷಾರ್' ಅಂತ ಮೂರ್ ಸಲ ಕೂಗ್ಬೇಕು ಕಣಮ್ಮ. ಕೊಳಾಲದ ಬಾವೀಲಿ ಎಲ್ಡೇ ಸಲ ಕೂಗ್ದೆ. ನನ್ ಜೊತೆಗಾರ ದಡದ್ಮೇಲೆ ಮಲಗಿದ್ದ. ಕಲ್ಲು ಹಾರಿ ಅವನ್ ಮೇಲೇ ಬಿತ್ತು. ಇನ್ನೊಂದ್ ಸಲ ಕೂಗಿದ್ರೆ ಎದ್ಬುಡ್ತಿದ್ನೇನೋ."

ಮೂರು ತಾಲ್ಲೂಕಿಗೆ ಆಣೆ ಹಾಕಿಸಿದ ನಾನು ಆ ಒಂದು 'ಯಾಕೆ' ಕೇಳಿರಲಿಲ್ಲ.

ಮರುದಿನ ಪೂಜೆಯಲ್ಲಿ ಕಾಯಿ ಎತ್ತಿಕೊಂಡೆ. ಅವನು ಏಳತೊಡಗಿದ. ಮಂತ್ರವನ್ನು ನಡುವೆ ನಿಲ್ಲಿಸುವುದು ಅಪಚಾರ, ನಿಲ್ಲಿಸಿದೆ.

"ಹುಷಾರ್!" ಎಂದು ಕೂಗಿದೆ. ಅವನು ನಿಂತ. ಮತ್ತೊಮ್ಮೆ ಕೂಗಿದೆ. ಮೂರನೆಯ ಸಲಕ್ಕೆ ಬಾಯಿ ತೆರೆದೆ.

ಜಗಲಿಯಿಂದ ಅವನೇ ಕೂಗಿದ.

ಕಾಯಿ ಒಡೆದು ತಿರುಗಿ ನೋಡಿದೆ. ಕೂತಿದ್ದ.